ಕೆಳಪದರದ ಕೂಗು

“ಒಪ್ಪಿಕೊಂಡುಬಿಟ್ಟಳು ಅಕ್ಕಾ! ನಿಮ್ಮ ತಂಗಿ ತಪ್ಪೊಪ್ಪಿಕೊಂಡು ಸೈನ್ ಹಾಕಿಬಿಟ್ಟಳು!”

ಎಲ್ಲರೂ ಗಡ್ಡ ಎಂದೇ ಕರೆಯುವ ಹುಡುಗ ಬಾಗಿಲಲ್ಲೇ ನಿಂತು ಇಷ್ಟು ಕೂಗಿದ. ಮುಂದಿನ ಮಾತಿಗೆ ಉಸಿರು ಸಾಲದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕನ್ನಡಕದ ಅಂಗಡಿಯ ಮೇಲಿದ್ದ ಆ ಕೋಣೆಗೆ ಕಡಿದಾದ ಮೆಟ್ಟಿಲು. ಅವನದೋ, ಕೂತಲ್ಲೇ ಕೀಬೋರ್ಡ್ ಕುಟ್ಟಿ ಬೆಳೆಸಿದ ಹೊಟ್ಟೆ.

ಸೂಜಿಯ ಕೈಯಲ್ಲಿದ್ದ ಕಾಫಿ ಲೋಟ ತುಟಿಗೂ ಮೇಜಿಗೂ ನಡುವೆ ನಿಂತೇಹೋಯಿತು. “ಏನಂತ ಒಪ್ಪಿಕೊಂಡಳು?”

“ಡಬ್ಬಿ ಕಟ್ಟುವಾಗ ಅಲಾರಂ ಪ್ರೋಗ್ರಾಂ ಸೇರಿಸೋಕೆ ಮರೆತೆ, ಆ ಮನುಷ್ಯ ಸತ್ತಿದ್ದು ನನ್ನ ಬೇಜವಾಬ್ದಾರಿಯಿಂದ ಅಂತ. ಲಾಯರ್ ಈಗಷ್ಟೇ ಫೋನ್ ಮಾಡಿದ್ರು. ನಾಳೆ ಮಧ್ಯಾಹ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ.”

“ಸುಳ್ಳು.”

“ಅಯ್ಯೋ, ನಾನ್ಯಾಕೆ ಸುಳ್ಳು ಹೇಳ್ಲಿ?”

“ನೀನಲ್ಲ ಕಣೋ, ಅವಳು! ಗ್ಯಾಸ್ ಆಫ್ ಮಾಡಿದೆನಾ ಅಂತ ನೋಡೋಕೆ ಬಸ್ ಸ್ಟಾಪಿನಿಂದ ವಾಪಸ್ ಮನೆಗೆ ಬರೋ ಹುಡುಗಿ. ಅವಳು ಅಲಾರಂ ಮರೀತಾಳಾ?”

“ಇನ್ನೊಂದು ಮಾತಿದೆ.” ಗಡ್ಡ ತನ್ನ ಗಡ್ಡ ಕೆರೆದುಕೊಂಡ. “ಅಕ್ಕ ನನ್ನ ನೋಡೋಕೆ ಬರೋದು ಬೇಡ ಅಂದಳಂತೆ.”

ಇದು ತಾಗಬೇಕಾದ ಜಾಗಕ್ಕೇ ತಾಗಿತು. ಸೂಜಿ ಪೊಲೀಸ್ ಕೆಲಸ ಬಿಟ್ಟು ಸ್ವಂತಕ್ಕೆ ಪತ್ತೇದಾರಿ ಹಿಡಿದವಳು. ಎಲ್ಲಿ ಚುಚ್ಚಿದರೆ ಎದುರಿನವರ ಬಾಯಿಂದ ಮಾತು ಉದುರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು, ಹೆಸರು ಬಂದದ್ದೇ ಅದರಿಂದ. ಆದರೆ ತನಗೇ ಯಾರಾದರೂ ಚುಚ್ಚಬೇಕೆಂದರೆ ಇರುವುದು ಒಂದೇ ಜಾಗ: ತಂಗಿ. ಅಮ್ಮ ಹೋದ ಮೇಲೆ ಜಡೆ ಹಾಕಿ, ಫೀಸು ಕಟ್ಟಿ, ಜಗಳವಾಡಿ, ಮುದ್ದು ಮಾಡಿ ಬೆಳೆಸಿದ ಒಬ್ಬಳೇ ತಂಗಿ.

ಕೋಲ್ಡ್ ಸ್ಟೋರೇಜಿನೊಳಗೆ ಸಿಕ್ಕಿಬಿದ್ದ ಫೋರ್ಕ್‌ಲಿಫ್ಟ್ ಡ್ರೈವರ್ ಮರಗಟ್ಟಿ ಸತ್ತು ವಾರವಾಗಿತ್ತು. ಒಳಗಿನ ಕೆಂಪು ಗುಂಡಿ ಒತ್ತಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಕೂಗಬೇಕು, ಅಲ್ಲಿದ್ದವರು ಬಾಗಿಲು ತೆಗೆಯಬೇಕು. ಅವನು ಒತ್ತಿದ್ದ. ಹೆಣ ಎತ್ತುವಾಗ ಹೆಬ್ಬೆರಳ ಚರ್ಮ ಗುಂಡಿಗೇ ಅಂಟಿಕೊಂಡು ಉಳಿದಿತ್ತು. ಆದರೆ ತಾನು ಕುರ್ಚಿ ಬಿಟ್ಟು ಏಳಲೇ ಇಲ್ಲ, ಅಲಾರಂ ಕೂಗಲೇ ಇಲ್ಲ ಎಂದು ಕಂಟ್ರೋಲ್ ರೂಮಿನ ಆಪರೇಟರ್ ಆಣೆ ಮಾಡಿದ್ದ. ಪೊಲೀಸರು ಸಾಫ್ಟ್‌ವೇರ್ ತೆಗೆಸಿ ನೋಡಿದರೆ ಅದರಲ್ಲಿ ಅಲಾರಂ ಇರಲೇ ಇಲ್ಲ.

ಅದನ್ನು ಕಟ್ಟಿದವಳು ತಂಗಿ.

“ನೀನು ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದು ಇಷ್ಟೇ ಹೇಳೋಕಲ್ಲ,” ಎಂದಳು ಸೂಜಿ. “ಫೋನಿನಲ್ಲೇ ಹೇಳಬಹುದಿತ್ತು.”

ಗಡ್ಡ ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಆಫೀಸಿನಲ್ಲಿ ತಂಗಿಯ ಪಕ್ಕದ ಕುರ್ಚಿ ಅವನದು. ಅವಳ ಮೇಲೆ ಒಂದು ಕಣ್ಣೂ ಇತ್ತು. ಅದು ಇಡೀ ಆಫೀಸಿಗೆ ಗೊತ್ತಿದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ಇದ್ದಳು.

“ಡಬ್ಬಿ ಭಾರ ಇದೆ ಅಕ್ಕಾ.”

“ಯಾವ ಡಬ್ಬಿ? ನಿನ್ನ ಊಟದ್ದಾ?”

“ಕಂಟೇನರ್ ಇಮೇಜು! ಪೊಲೀಸರಿಗೆ ಕೊಟ್ಟಿದ್ದೀವಲ್ಲ, ಅದು. ನಾವು ಅದಕ್ಕೆ ಡಬ್ಬಿ ಅಂತೀವಿ. ಸಾಫ್ಟ್‌ವೇರು, ಅದಕ್ಕೆ ಬೇಕಾದ ಸಾಮಾನು, ಎಲ್ಲ ಒಟ್ಟಿಗೆ ತುಂಬಿ ಮುಚ್ಚಳ ಹಾಕಿ ಕಳಿಸ್ತೀವಿ. ಯಾವ ಮಿಷಿನ್ನಿನಲ್ಲಿ ತೆರೆದರೂ ಒಂದೇ ಥರ ನಡೀಬೇಕು. ಹೊರಗಡೆ ರೆಡಿಮೇಡ್ ಸಿಗುತ್ತೆ, ಆದ್ರೆ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ, ಇಂಟರ್‌ಕಾಮಿಗೆ ಅದು ಸಾಲಲ್ಲ. ಅದರ ಮೇಲೆ ನಮಗೆ ಬೇಕಾದ್ದೆಲ್ಲ ಸೇರಿಸಿ ನಮ್ಮದೇ ಒಂದು ಕಟ್ಟಿಕೊಳ್ತೀವಿ.”

“ಸರಿ. ಭಾರ ಅಂದ್ರೆ?”

“ಅಲಾರಂ ಇಲ್ಲ ಅಂದಮೇಲೆ ಹಗುರ ಆಗ್ಬೇಕಿತ್ತು ತಾನೇ? ಇದು ಹಳೇದಕ್ಕಿಂತ ಭಾರ! ತೆರೆದು ಹುಡುಕಿದ್ರೆ ಒಳಗೆ ಎಕ್ಸ್‌ಟ್ರಾ ಒಂದು ಕಡ್ಡಿ ಇಲ್ಲ. ಖಾಲಿ ಸೂಟ್‌ಕೇಸ್ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡ ಹಾಗಾಯ್ತು.”

“ಆಮೇಲೆ?”

“ಪದರ ಬಿಡಿಸಿದೆ.”

ಗಡ್ಡನ ದನಿ ತಗ್ಗಿತು. ಇಲ್ಲಿಯವರೆಗಿನ ತಮಾಷೆಯೆಲ್ಲ ಅವನ ಮುಖದಿಂದ ಇಳಿದುಹೋಯಿತು.

“ಡಬ್ಬಿಯನ್ನ ಪದರ ಪದರವಾಗಿ ಕಟ್ಟೋದು ಅಕ್ಕಾ. ನಾವು ಕೊಡೋ ಒಂದೊಂದು ಅಪ್ಪಣೆಗೂ ಒಂದೊಂದು ಪದರ. ಕೆಳಗಿನ ಪದರದಲ್ಲಿ ಹಾಕಿದ್ದನ್ನ ಮೇಲಿನ ಪದರದಲ್ಲಿ ಅಳಿಸಿದ್ರೆ ಅಳಿಸಿದ ಹಾಗೆ ಕಾಣುತ್ತೆ, ಅಷ್ಟೇ. ಗೋಡೆ ಮೇಲೆ ಬರೆದದ್ದರ ಮೇಲೆ ಸುಣ್ಣ ಬಳಿದಂಗೆ. ಕೆರೆದ್ರೆ ಬರಹ ಅಲ್ಲೇ ಇರುತ್ತೆ.”

“ಯಾರು ಏನು ಅಳಿಸಿದ್ದಾರೆ?”

“ಯಾರೋ ಅವಸರದಲ್ಲಿ ‘ಈ ಫೋಲ್ಡರಿನಲ್ಲಿ ಇರೋದನ್ನೆಲ್ಲ ಒಳಗೆ ತುಂಬು’ ಅಂದಿದ್ದಾರೆ. ಬೇಡದ ಒಂದು ಫೈಲೂ ಒಳಗೆ ಹೋಗಿದೆ. ಕಣ್ಣಿಗೆ ಬಿದ್ದ ಮೇಲೆ ಮುಂದಿನ ಸಾಲಿನಲ್ಲಿ ಅಳಿಸು ಅಂದಿದ್ದಾರೆ. ಹೊಸಬರು ಮಾಡೋ ತಪ್ಪು ಇದು. ಇಲ್ಲ ಅಂದ್ರೆ ಕೈ ನಡುಗ್ತಾ ಇರೋರು ಮಾಡೋದು.”

“ಫೈಲು?”

ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಗುಂಡಿ ಒತ್ತಿದ.

ಮೊದಲು ಕೇಳಿಸಿದ್ದು ದೊಡ್ಡ ಫ್ಯಾನುಗಳ ಗುಂಯ್‌ಗುಡುವಿಕೆ. ಆಮೇಲೆ ಒಬ್ಬ ಗಂಡಸಿನ ದನಿ, ಆರಾಮಾಗಿ, ನಗುತ್ತಲೇ:

“ಹಲೋ, ಯಾರಿದ್ದೀರಪ್ಪಾ ಅಲ್ಲಿ? ಬಾಗಿಲು ಹಾಕ್ಕೊಂಡುಬಿಟ್ಟಿದೆ. ಬೇಗ ತೆಗೀರಿ, ಐಸ್‌ಕ್ರೀಂ ಆಗ್ಬಿಡ್ತೀನಿ!”

ಇಂಟರ್‌ಕಾಮ್ ಎರಡೂ ಕಡೆಯ ಸದ್ದನ್ನು ಹಿಡಿದಿತ್ತು. ಅವನ ಮಾತಿನ ಹಿಂದೆ, ಕಂಟ್ರೋಲ್ ರೂಮಿನ ಕಡೆಯಿಂದ, ಅಲಾರಂ ಕೂಗುತ್ತಿತ್ತು. ಗಂಟಲು ಹರಿಯುವ ಹಾಗೆ, ಸ್ಪಷ್ಟವಾಗಿ.

ದನಿ ಮತ್ತೆ ಬಂತು. ನಗು ಹೋಗಿತ್ತು. ಇನ್ನೊಮ್ಮೆ ಬಂತು. ಈಗ ಹಲ್ಲು ಕಟಕಟ ಎನ್ನುತ್ತಿದ್ದವು. ಆಮೇಲೆ ಕಬ್ಬಿಣದ ಬಾಗಿಲಿಗೆ ಮುಷ್ಟಿಯ ಗುದ್ದು. ಗುದ್ದು. ಗುದ್ದು. “ಅಣ್ಣಾ, ಯಾರಾದ್ರೂ ಇದ್ದೀರಾ ಅಣ್ಣಾ…”

ಸೂಜಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಗಡ್ಡನ ಬೆರಳ ಮೇಲೆಯೇ ಬಡಿದು ಮುಚ್ಚಿದಳು. ಹೆಣಗಳನ್ನು ಎಷ್ಟೋ ನೋಡಿದವಳು. ಹೆಣವಾಗುತ್ತಿರುವವನನ್ನು ಕೇಳಿರಲಿಲ್ಲ.

“ಇನ್ನೂ ತುಂಬಾ ಇದೆ,” ಗಡ್ಡ ಬೆರಳು ಚೀಪುತ್ತ ಹೇಳಿದ. “ನಂಗೂ ಮುಂದೆ ಕೇಳೋಕಾಗ್ಲಿಲ್ಲ.”

“ಆ ಡಬ್ಬಿ ಕಟ್ಟಿದ ತಾರೀಖು ಏನಂತ ತೋರಿಸುತ್ತೆ?”

“ಅವನು ಸಾಯೋದಕ್ಕೆ ಮುಂಚಿನ ವಾರದ್ದು.”

“ಹೌದಾ? ಸಾಯೋ ಮುಂಚೆ ಕಟ್ಟಿದ ಡಬ್ಬಿಯೊಳಗೆ ಅವನು ಸಾಯುವಾಗ ಕೂಗಿದ್ದು ಹೇಗೋ ಬಂತು?”

ಗಡ್ಡನ ಬಾಯಿ ತೆರೆದುಕೊಂಡಿತು. ಮುಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಗಡಿಯಾರ ಹಿಂದಕ್ಕೆ ತಿರುಗಿಸಿ ಕಟ್ಟಿದ್ದಾರೆ… ಹಳೇ ಡಬ್ಬಿಯ ಹೆಸರಿನ ಚೀಟಿ ಕಿತ್ತು ಇದಕ್ಕೆ ಅಂಟಿಸಿದ್ದಾರೆ. ಒಂದೇ ಹೆಸರು, ಬೇರೆ ಡಬ್ಬಿ!”

“ಅಂದ್ರೆ ಅವತ್ತು ಓಡ್ತಿದ್ದ ಡಬ್ಬಿಯಲ್ಲಿ ಅಲಾರಂ ಇತ್ತು. ನನ್ನ ತಂಗಿ ಏನೂ ಮರೆತಿರಲಿಲ್ಲ.” ಸೂಜಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. “ಅಲಾರಂ ಕೂಗಿದೆ. ಕೂತು ಕೇಳಿಸ್ಕೊಂಡಿದ್ದಾರೆ. ಬಾಗಿಲು ತೆಗೆದಿಲ್ಲ. ಇದು ತಪ್ಪಲ್ಲ ಕಣೋ, ಕೊಲೆ. ಚೀಟಿ ಬದಲಾಯಿಸೋ ಅಧಿಕಾರ ಯಾರ್‍ಯಾರಿಗಿದೆ?”

“ಇಬ್ಬರಿಗೇ. ಒಂದು ನಿಮ್ಮ ತಂಗಿ. ಇನ್ನೊಂದು ಸಕ್ಕರೆ.”

“ಸಕ್ಕರೆ,” ಎಂದಳು ಸೂಜಿ. ಮೊದಲನೆಯ ಹೆಸರನ್ನು ಅವಳ ಕಿವಿ ಒಳಗೇ ಬಿಟ್ಟುಕೊಳ್ಳಲಿಲ್ಲ.

ಆ ಫೈಲನ್ನು ಫೋನಿಗೆ ಹಾಕಿಸಿಕೊಂಡು ಟ್ಯಾಕ್ಸಿ ಹತ್ತಿದವಳು ಸತ್ತವನ ಹೆಂಡತಿಗೆ ಫೋನ್ ಮಾಡಿದಳು; ಕೇಸಿನ ವಿಚಾರಕ್ಕೆ ಆಕೆಯನ್ನು ಒಮ್ಮೆ ಕಂಡಿದ್ದಳು. ಆಕೆ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಅತ್ತ ಕಡೆಯಿಂದ ಪುಟ್ಟ ಗಂಟಲುಗಳ ಸಂತೆಯೇ ಕೇಳಿಸಿತು.

“ನಿಮ್ಮವರದ್ದು ಆಕಸ್ಮಿಕ ಅಲ್ಲಮ್ಮಾ. ಸಾಕ್ಷಿ ಸಿಕ್ಕಿದೆ. ಅವರ ದನಿ ಸಿಕ್ಕಿದೆ.”

“ದನಿಯಾ?”

ಆಮೇಲೆ ಮಕ್ಕಳ ಗಲಾಟೆ ಮಾತ್ರ. ಯಾರೋ ಒಬ್ಬಳು ತನ್ನ ಪೆನ್ಸಿಲಿಗಾಗಿ ಅಳುತ್ತಿದ್ದಳು.

“ನಾನು ಕೇಳಬಹುದಾ ಮೇಡಂ, ಆ ದನಿ?”

“ಕೇಳ್ತೀರಂತೆ. ನಾಳೆ ಬೆಳಿಗ್ಗೆ ಠಾಣೆಗೆ ಬನ್ನಿ, ಇನ್‌ಸ್ಪೆಕ್ಟರ್ ಮುಂದೇನೇ ಹಾಕಿಸ್ತೀನಿ. ಎಷ್ಟು ಹೊತ್ತಿಗೆ ಅಂತ ಹೇಳ್ತೀನಿ.”

“ಬಸ್ಸು ಖಾಲಿ ಆದ್ಮೇಲೆ ನಾನೇ ಫೋನ್ ಮಾಡ್ತೀನಿ ಮೇಡಂ. ಮಕ್ಕಳ ಮುಂದೆ ಅಳಬಾರದು ಅಂತ ನಮಗೆ ರೂಲ್ಸು.”

ಸಕ್ಕರೆ ಎಂದರೆ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್. ಯಾರನ್ನಾದರೂ ಕೆಲಸದಿಂದ ತೆಗೆಯುವ ದಿನ ಅವರಿಗೆ ಕೇಕ್ ತರಿಸುವ ಮನುಷ್ಯ. ಅವರ ಗಾಜಿನ ಕೋಣೆಯಲ್ಲಿ ಪೆಪ್ಪರ್‌ಮಿಂಟಿನ ಜಾಡಿಯೊಂದು ಇತ್ತು. ಬಂದವರಿಗೆಲ್ಲ ಅದನ್ನು ಮುಂದೆ ತಳ್ಳುವುದು ಅಭ್ಯಾಸ. ಆ ಕೋಣೆಯ ಕುರ್ಚಿಯಿಂದ ಎದ್ದವರಲ್ಲಿ ಮುಕ್ಕಾಲು ಪಾಲು ಜನ ಅಳುತ್ತ ಎದ್ದಿದ್ದರು, ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು.

“ಬನ್ನಿ ಮೇಡಂ, ಬನ್ನಿ. ನಿಮ್ಮ ತಂಗಿ ವಿಷಯ ಕೇಳಿ ಊಟಾನೇ ಸೇರಿಲ್ಲ ನಂಗೆ.” ಜಾಡಿ ಮೇಜಿನ ಮೇಲೆ ಸರಿಯಿತು.

“ಹೊಟ್ಟೆ ನೋಡಿದ್ರೆ ಹಾಗೆ ಅನಿಸಲ್ಲ,” ಎಂದಳು ಸೂಜಿ. ಕೂರಲಿಲ್ಲ. “ಡಬ್ಬಿ ಕಟ್ಟಿದ್ದು ಯಾವಾಗ?”

“ಯಾವ ಡಬ್ಬಿ?”

“ಪೊಲೀಸರಿಗೆ ಕೊಟ್ಟಿದ್ದು. ಅವನು ಸತ್ತ ಮೇಲೆ ಕಟ್ಟಿದ್ದು. ಅಲಾರಂ ತೆಗೆದು, ಗಡಿಯಾರ ತಿರುಗಿಸಿ, ಹಳೇ ಚೀಟಿ ಅಂಟಿಸಿದ್ದು.”

ಸಕ್ಕರೆಯ ನಗು ಅಲುಗಲಿಲ್ಲ. “ಮೇಡಂ, ನಾನು ಡಬ್ಬಿ ಕಟ್ಟೋದು ಬಿಟ್ಟು ಕೂದಲು ಉದುರಿಹೋಗೋವಷ್ಟು ಕಾಲ ಆಯ್ತು. ಈಗ ನಂಗೆ ಮೀಟಿಂಗ್ ಒಂದು ಬಿಟ್ಟು ಬೇರೆ ಏನೂ ಕಟ್ಟೋಕೆ ಬರಲ್ಲ. ಅಷ್ಟಕ್ಕೂ ಅವಳೇ ಒಪ್ಪಿಕೊಂಡಿದ್ದಾಳಲ್ಲ?”

“ಒಪ್ಪಿಸಿದ್ದೀರಿ. ಏನು ಹೇಳಿ ಹೆದರಿಸಿದ್ರಿ?”

“ನಾನಾ? ಅವಳನ್ನಾ?” ಸಕ್ಕರೆ ಈ ಸಲ ನಿಜವಾಗಿಯೂ ನಕ್ಕರು. “ನಿಮ್ಮ ತಂಗೀನ ನೀವು ಯಾವತ್ತಾದ್ರೂ ಆಫೀಸಿನಲ್ಲಿ ನೋಡಿದ್ದೀರಾ?”

“ಕಥೆ ಬೇಡ. ಡಬ್ಬಿಯ ಕೆಳಪದರದಲ್ಲಿ ಇಂಟರ್‌ಕಾಮ್ ರೆಕಾರ್ಡಿಂಗ್ ಸಿಕ್ಕಿದೆ.”

ನಗು ಅಲ್ಲಿಗೇ ಕಟ್ಟಾಯಿತು. ಮುಖದಲ್ಲಿದ್ದ ರಕ್ತ ಎಲ್ಲಿಗೆ ಹೋಯಿತೋ, ಕಿವಿ ಕೂಡ ಬಿಳಿಚಿಕೊಂಡವು.

“ಅದನ್ನ ಅಳಿಸಿದ್ದೀನಿ ಅಂದಳಲ್ಲ!”

ಗಾಜಿನ ಆಚೆ ಯಾರೋ ಪ್ರಿಂಟರಿಗೆ ಹಾಳೆ ತುಂಬುತ್ತಿದ್ದರು. 

“ಯಾರು ಅಂದಿದ್ದು?” ಎಂದಳು ಸೂಜಿ.

ಸಕ್ಕರೆ ಜಾಡಿಯನ್ನು ತಮ್ಮ ಕಡೆಗೇ ಎಳೆದುಕೊಂಡು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರು. 

“ಪೂರ್ತಿ ಕೇಳಿದ್ರಾ ಮೇಡಂ?”

“ಸಾಕಾಗುವಷ್ಟು ಕೇಳಿದೆ.”

“ಅಂದ್ರೆ ಇಲ್ಲ.” ಅವರು ಡ್ರಾಯರಿನಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ನಾನು ಕೇಳಿಲ್ಲ. ಕೇಳೋದೂ ಇಲ್ಲ. ಅವತ್ತು ಅವಳು ಹೊಸ ಡಬ್ಬಿ ಹಾಕೋಕೆ ಅಂತ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದಳು. ಆಪರೇಟರ್ ಊಟಕ್ಕೆ ಎದ್ದುಹೋಗಿದ್ದ. ಕುರ್ಚಿ ಬಿಟ್ಟಿದ್ದು ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಅವನು ಬಾಯಿ ಬಿಡಲ್ಲ. ಸಂಜೆ ಅವಳು ಅಲ್ಲಿನ ಫೋಲ್ಡರನ್ನೇ ಲ್ಯಾಪ್‌ಟಾಪಿಗೆ ತುಂಬಿಕೊಂಡು ಇದೇ ಕೋಣೆಗೆ ಬಂದಳು. ‘ಸರ್, ಒಬ್ಬ ಸತ್ತಿದ್ದಾನೆ, ಇದು ತಪ್ಪು ಅಂತ ಆಗಬೇಕು’ ಅಂದಳು. ಈ ಕುರ್ಚಿಯಲ್ಲೇ ಕೂತು ಡಬ್ಬಿ ಕಟ್ಟಿದಳು.”

“ನೀವು ನೋಡ್ಕೊಂಡು ಕೂತಿದ್ರಿ.”

“ತಪ್ಪಿಗೆ ವಿಮೆ ಇದೆ ಮೇಡಂ. ಕೊಲೆಗೆ ಇಲ್ಲ.”

“ಯಾಕೆ ಅಂತ ಕೇಳಲಿಲ್ವಾ ಅವಳನ್ನ?”

“ಕೇಳಿದ್ರೆ ಉತ್ತರ ಕೊಟ್ಟುಬಿಡ್ತಾಳೆ ಅಂತ ಭಯ ಆಯ್ತು. ಅದಕ್ಕೆ ಕೇಳಲಿಲ್ಲ.”

ಇವನ ಕೆನ್ನೆಗೆ ಎರಡು ಬಾರಿಸಬೇಕು ಎನಿಸಿತು ಸೂಜಿಗೆ. ಸುಳ್ಳುಗಾರ. ತಂಗಿಯ ತಲೆಗೆ ಎಲ್ಲವನ್ನೂ ಕಟ್ಟಿ ತಾನು ಪೆಪ್ಪರ್‌ಮಿಂಟ್ ಚೀಪುತ್ತಿದ್ದಾನೆ. ಇವನ ಸುಳ್ಳನ್ನು ಇವನ ಎದುರಿಗೇ ಬಿಚ್ಚಿಬಿಡುತ್ತೇನೆ ಎಂದುಕೊಂಡೇ ಅವಳು ಹೆಡ್‌ಫೋನ್ ಏರಿಸಿಕೊಂಡು, ಫೋನಿನಲ್ಲಿ ಆ ಫೈಲು ತೆರೆದು, ತಾನು ಬಿಟ್ಟ ಜಾಗದಿಂದ ಮುಂದಕ್ಕೆ ಹಾಕಿದಳು.

ಗುದ್ದು. ಗುದ್ದು. ಆಮೇಲೆ, ಕಂಟ್ರೋಲ್ ರೂಮಿನ ಕಡೆ, ಕುರ್ಚಿಯೊಂದು ಎಳೆದ ಸದ್ದು.

“ಯಾರು… ಮೇಡಂ, ನೀವಾ?” ಗಂಡಸಿನ ದನಿಗೆ ಜೀವ ಬಂತು. “ಅಬ್ಬಾ, ಉಳಿದೆ. ತೆಗೀರಿ ಮೇಡಂ, ಕೈ ಗೊತ್ತಾಗ್ತಿಲ್ಲ.”

“ತೆಗೀತೀನಿ. ಅದಕ್ಕೆ ಮುಂಚೆ ಒಂದು ಹೇಳು. ಮೊನ್ನೆ ನೀನು ನೋಡಿದ್ದನ್ನ ಯಾರಿಗೆಲ್ಲ ಹೇಳಿದ್ದೀಯ?”

ಸೂಜಿಯ ಬೆನ್ನು ಗಾಜಿನ ಗೋಡೆಗೆ ತಾಗಿತು. ತಾನು ಯಾವಾಗ ಹಿಂದೆ ಸರಿದೆ ಎನ್ನುವುದೇ ಅವಳಿಗೆ ತಿಳಿಯಲಿಲ್ಲ.

“ಯಾರಿಗೂ ಹೇಳಿಲ್ಲ ಮೇಡಂ, ಸತ್ಯವಾಗ್ಲೂ…”

“ಹೌದಾ? ಇನ್ನೊಂದು ಸಲ ಯೋಚನೆ ಮಾಡು. ನಂಗೇನೂ ಅವಸರ ಇಲ್ಲ.”

ಮೆತ್ತಗಿನ ದನಿ. ಎಲ್ಲೂ ಏರುತ್ತಿರಲಿಲ್ಲ, ಎಲ್ಲೂ ಇಳಿಯುತ್ತಿರಲಿಲ್ಲ. ಅಲಾರಂ ಪಕ್ಕದಲ್ಲೇ ಅರಚುತ್ತಿತ್ತು, ದನಿಗೆ ಅದರ ಪರಿವೆಯೇ ಇರಲಿಲ್ಲ. ಅವನು ಬೇಡಿದ. ಅತ್ತ. ಮಕ್ಕಳ ಮೇಲೆ ಆಣೆ ಇಟ್ಟ. ಆಮೇಲೆ ಬೈದ. ಬೈದದ್ದಕ್ಕೆ ತಾನೇ ಕ್ಷಮಿಸಿ ಎಂದ. ಮಾತು ತೊದಲತೊಡಗಿತು.

“ನಿದ್ದೆ… ನಿದ್ದೆ ಬರ್ತಿದೆ ಮೇಡಂ.”

“ಮಲ್ಕೋಬೇಡ. ಎದ್ದು ಓಡಾಡು. ಕಾಲು ಉಜ್ಜಿಕೋ, ಹಾಂ, ಹಾಗೆ. ಮಲಗಿದ್ರೆ ನಂಗೆ ಉತ್ತರ ಯಾರು ಕೊಡ್ತಾರೆ?”

ಜ್ವರ ಬಂದು ಮಲಗಿದ ಅಕ್ಕನ ತಲೆದಿಂಬಿನ ಪಕ್ಕ ಕೂತು, ಒದ್ದೆ ಬಟ್ಟೆ ಹಿಂಡುತ್ತ, ಸಮಾಧಾನ ಹೇಳುತ್ತಿದ್ದ ದನಿ ಅದು. ಅಷ್ಟೇ ಅಕ್ಕರೆ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಸಾವಿರ ಜನ ಒಟ್ಟಿಗೆ ಮಾತಾಡುತ್ತಿದ್ದರೂ ಸೂಜಿ ಅದನ್ನು ಹೆಕ್ಕಿ ತೆಗೆಯಬಲ್ಲವಳಾಗಿದ್ದಳು.

“ಹೆಂಡ್ತಿಗೆ,” ಎಂದಿತು ಗಂಡಸಿನ ದನಿ, ಬಹಳ ದೂರದಿಂದ. “ಹೆಂಡ್ತಿ ಒಬ್ಬಳಿಗೆ ಹೇಳಿದೀನಿ. ಬೇರೆ ಯಾರಿಗೂ… ಬಾಗಿಲು…”

“ಥ್ಯಾಂಕ್ಸ್.”

ಒಂದು ಗುಂಡಿ ಒತ್ತಿದ ಸದ್ದು. ಅಲಾರಂ ನಿಂತಿತು. ಕುರ್ಚಿ ಹಿಂದಕ್ಕೆ ಸರಿಯಿತು. ರೆಕಾರ್ಡಿಂಗ್ ಮುಗಿಯಿತು.

ಸೂಜಿ ಹೆಡ್‌ಫೋನನ್ನು ತಲೆಯಿಂದ ತೆಗೆಯಲಿಲ್ಲ. ತೆಗೆದರೆ ಹೊರಗಿನ ಜಗತ್ತು ಕೇಳಿಸುತ್ತದೆ, ಅದರಲ್ಲಿ ಮುಂದೇನು ಮಾಡಬೇಕು ಎಂದು ಯಾರಾದರೂ ಕೇಳಬಹುದು. ಬೆಳಿಗ್ಗೆಯವರೆಗೆ ತಂಗಿ ಮರೆವಿನ ತಪ್ಪಿಗೆ ಒಳಗೆ ಹೋಗಿ ಬೇಗ ಹೊರಬರಬಹುದಾದ ಹುಡುಗಿಯಾಗಿದ್ದಳು. ಅವಳು ತಾನಾಗಿಯೇ ತನ್ನ ಸುತ್ತ ಕಟ್ಟಿಕೊಂಡಿದ್ದ ಆ ಸಣ್ಣ ಅಪರಾಧದ ಗೋಡೆಯನ್ನು ಅಕ್ಕನೇ ಬಂದು ಕೆರೆದು, ಸುಣ್ಣ ಉದುರಿಸಿ, ಕೆಳಗಿದ್ದದ್ದನ್ನು ಹೊರಗೆ ತೆಗೆದಿದ್ದಳು. ಅಕ್ಕ ಬರೋದು ಬೇಡ ಎಂದು ಅವಳು ಹೇಳಿಕಳಿಸಿದ್ದು ಸುಮ್ಮನೆ ಅಲ್ಲ.

ಸಕ್ಕರೆಯ ತುಟಿಗಳು ಆಡುತ್ತಿದ್ದವು. ಅವಳು ಕೊನೆಗೂ ಒಂದು ಕಿವಿ ತೆರೆದಳು.

“…ಇನ್ನೂ ಕೈ ಮೀರಿಲ್ಲ ಅಂತಿದ್ದೆ. ಪೊಲೀಸರಿಗೆ ಡಬ್ಬಿ ಕೆರೆಯೋಕೆ ಬರಲ್ಲ. ನಿಮ್ಮ ಫೋನಿನಲ್ಲಿರೋದು ಹೋಗಬೇಕು, ಕೆರೆದವನು ಆ ಗಡ್ಡದವನೇ ಇರಬೇಕು, ಅವನ ಲ್ಯಾಪ್‌ಟಾಪಿನಲ್ಲಿರೋದೂ ಹೋಗಬೇಕು. ಗಡ್ಡದವನನ್ನ ನಾನು ನೋಡ್ಕೊಳ್ತೀನಿ. ನಾಳೆಯಿಂದ ಅವನಿಗೆ ಇಲ್ಲಿ ಕೆಲಸ ಇರಲ್ಲ. ಕೇಕ್‌ಗೆ ಹೇಳಿಬಿಡ್ತೀನಿ.”

“ಮುಚ್ಚಿ ಬಾಯಿ,” ಎಂದಳು ಸೂಜಿ. ಆದರೆ ದನಿಯಲ್ಲಿ ಸೂಜಿಯ ಮೊನೆ ಇರಲಿಲ್ಲ. ಇಲ್ಲದ್ದನ್ನು ಸಕ್ಕರೆ ಗಮನಿಸಿದರು. ಜಾಡಿ ಮತ್ತೆ ಅವಳ ಕಡೆಗೆ ಸರಿಯಿತು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ನಡುಗಿತು. ಆಯಾ.

ಎತ್ತಬಾರದು ಎಂದುಕೊಳ್ಳುವಷ್ಟರಲ್ಲಿ ಅವಳ ಹೆಬ್ಬೆರಳು ಎತ್ತಿಯಾಗಿತ್ತು.

“ಬಸ್ಸು ಖಾಲಿ ಆಯ್ತು ಮೇಡಂ.” ಆಕೆ ಅತ್ತು ಮುಗಿಸಿದ್ದಳು, ಮೂಗು ಕಟ್ಟಿಕೊಂಡಿತ್ತು. “ನಾಳೆ ಎಷ್ಟು ಹೊತ್ತಿಗೆ ಬರ್ಲಿ? ನಂಗೆ ಅವರ ದನಿ ಕೇಳ್ಬೇಕು. ಎಂಥದ್ದಿದ್ರೂ ಕೇಳ್ತೀನಿ.”

“ನೋಡೋಣಮ್ಮಾ, ಅದು…”

“ಇನ್ನೊಂದು ವಿಷಯ ಮೇಡಂ. ಯಾರಿಗೂ ಹೇಳಬೇಡ ಅಂದಿದ್ರು ಇವರು, ಅದಕ್ಕೇ ಬಾಯಿ ಕಟ್ಕೊಂಡಿದ್ದೆ. ನೀವು ಆಕಸ್ಮಿಕ ಅಲ್ಲ ಅಂದ್ರಲ್ಲ, ಇನ್ಯಾಕೆ ಮುಚ್ಚಿಡ್ಲಿ? ಸಾಯೋಕೆ ಮುಂಚೆ ಆ ಕೋಲ್ಡ್ ಸ್ಟೋರೇಜಿನಲ್ಲಿ ಇವರು ಏನೋ ನೋಡಿದ್ರು. ಯಾರನ್ನೋ ನೋಡಿದ್ರು. ನಂಗೆ ಒಬ್ಬಳಿಗೇ ಹೇಳಿದ್ರು. ನಾಳೆ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಮುಂದೆ ಎಲ್ಲಾ ಹೇಳಿಬಿಡ್ತೀನಿ.”

ಸೂಜಿ ಮೇಜಿನ ಮೇಲಿದ್ದ ಜಾಡಿಯನ್ನು ನೋಡುತ್ತಿದ್ದಳು. ಸಕ್ಕರೆ ಅವಳ ಮುಖವ‍ನ್ನು ನೋಡುತ್ತಿದ್ದರು.

“ಇನ್ನೂ ಯಾರಿಗಾದ್ರೂ ಹೇಳಿದ್ದೀರಾ?” ಎಂದು ಕೇಳಿದಳು.

“ಇಲ್ಲ ಮೇಡಂ. ನಿಮಗೇ ಮೊದಲು.”

“ಸರಿ.” ತನ್ನ ದನಿ ಇಷ್ಟು ಮೆತ್ತಗೆ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. “ಠಾಣೆ ಬೇಡಮ್ಮಾ. ಅಲ್ಲಿ ಜನ ಜಾಸ್ತಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಆಫೀಸಿಗೆ ಬನ್ನಿ, ಕನ್ನಡಕದ ಅಂಗಡಿ ಮೇಲೆ. ಒಬ್ಬರೇ ಬನ್ನಿ.”